ಸ್ಕೆಚ್‌ಅಪ್‌ನಲ್ಲಿ ಶವರ್ ಗಾಜು: ಕಾಣದಿದ್ದರೆ, ಮಿಣುಕಿದರೆ, ಕಪ್ಪಾದರೆ ಎಲ್ಲಿ ಹುಡುಕಬೇಕು

ಸ್ಕೆಚ್‌ಅಪ್ ಎಂಬ 3ಡಿ ಸಾಫ್ಟ್‌ವೇರಿನಲ್ಲಿ ಕಟ್ಟಿದ ಬಾತ್‌ರೂಮಿನ ಟೈಲ್ಸ್, ಕಮೋಡು, ಬೇಸಿನ್ ಎಲ್ಲ ಸರಿಯಾಗಿ ಕೂತಿರುತ್ತವೆ. ಶವರ್ ಜಾಗದ ಗಾಜು ಮಾತ್ರ ಕೈಕೊಡುತ್ತದೆ. ಒಂದು ಕಡೆಯಿಂದ ನೋಡಿದರೆ ಗಾಜು, ಇನ್ನೊಂದು ಕಡೆಯಿಂದ ನೋಡಿದರೆ ಬಿಳಿ ಹಲಗೆ. ಬುಡದಲ್ಲಿ ಪಟ್ಟೆಪಟ್ಟೆ ಮಿಣುಕು. ಮಾಡೆಲ್ಲಿನಿಂದ ಫೋಟೋದಂಥ ಚಿತ್ರ (ರೆಂಡರ್) ತೆಗೆಯುವ ವಿ-ರೇಯಲ್ಲಿ ರೆಂಡರ್ ಹಾಕಿದರೆ ಗಾಜಿನ ಹಿಂದೆ ಕತ್ತಲು. ಇಂಥ ಹೊತ್ತಿನಲ್ಲಿ ಬಹಳ ಜನ ನೇರವಾಗಿ ಮೆಟೀರಿಯಲ್ ಪಟ್ಟಿಗೆ ಹೋಗಿ ಒಂದಾದ ಮೇಲೊಂದು ಗಾಜು ಹಚ್ಚಿ ನೋಡುತ್ತಾರೆ. ದೋಷ ಇರುವುದು ಸಾಮಾನ್ಯವಾಗಿ ಅಲ್ಲಲ್ಲ, ಗಾಜನ್ನು ಕಟ್ಟಿದ ರೀತಿಯಲ್ಲಿ. ಆದ್ದರಿಂದ ಇಲ್ಲಿ ಹುಡುಕುವ ಕ್ರಮವೂ ಹಾಗೇ ಇದೆ: ಮೊದಲು ಆಕಾರ, ಆಮೇಲೆ ಬಣ್ಣ, ಆಮೇಲೆ ಸ್ಟೈಲ್ (ಪರದೆಯ ಮೇಲೆ ತೋರಿಸುವ ರೀತಿ) ಮತ್ತು ಸೀನ್ (ಉಳಿಸಿಟ್ಟ ನೋಟ), ಕೊನೆಗೆ ರೆಂಡರ್.

ಅಳತೆಗಳು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಪಾರ್ಟ್‌ಮೆಂಟುಗಳಲ್ಲಿ ಸಾಮಾನ್ಯವಾಗಿ ಸಿಗುವ 5 ಅಡಿಗೆ 8 ಅಡಿ ಬಾತ್‌ರೂಮು, ಅಂದರೆ ಸುಮಾರು 1500 × 2400 ಮಿ.ಮೀ. ಹಿಂದಿನ 900 ಮಿ.ಮೀ. ಶವರ್‌ಗೆ. ಅದರ ಮುಂದೆ ಒಂದು ಗೋಡೆಯ ಟೈಲ್ಸಿನಿಂದ ಎದುರು ಗೋಡೆಯ ಟೈಲ್ಸಿನವರೆಗೆ 1500 ಮಿ.ಮೀ. ಗಾಜಿನ ಸಾಲು: 800ರ ಫಿಕ್ಸ್ಡ್ ಗಾಜು, 4ರ ಸಂದು, 690ರ ಬಾಗಿಲು, ಹಿಂಜ್ ಕಡೆ ಗೋಡೆಗೆ 6ರ ಸಂದು. ಗಾಜು 10 ಮಿ.ಮೀ. ಟಫನ್ಡ್. ಫಿಕ್ಸ್ಡ್ ಗಾಜಿನ ಎತ್ತರ 2100. ಬಾಗಿಲು ನೆಲದಿಂದ 10 ಮೇಲಿರುವುದರಿಂದ 2090. ಸಂದುಗಳ ಲೆಕ್ಕ ಹಿಂಜ್ ಮತ್ತು ಸೀಲ್ ಬದಲಾದಂತೆ ಬದಲಾಗುತ್ತದೆ, ನೀವು ಕೊಳ್ಳುವ ಹಿಂಜಿನ ಡ್ರಾಯಿಂಗ್ ನೋಡಿ ಹಾಕಿ.

ಮೊದಲು ಒಂದು ಪರೀಕ್ಷೆ ತುಂಡು

ಕೆಟ್ಟ ಗಾಜನ್ನು ಮುಟ್ಟಬೇಡಿ. ಅದರ ಪಕ್ಕದಲ್ಲೇ, ನೆಲಕ್ಕೆ ತಾಗದಂತೆ ಗಾಳಿಯಲ್ಲಿ, 300 × 10 × 300 ಮಿ.ಮೀ.ನ ಒಂದು ಹೊಸ ಪೆಟ್ಟಿಗೆ ಮಾಡಿ, ಆರು ಬದಿಗಳನ್ನೂ ಆರಿಸಿ ಗ್ರೂಪ್ ಮಾಡಿ, ಅಂದರೆ ಒಂದೇ ವಸ್ತುವಾಗಿ ಕಟ್ಟಿ. ಕೆಟ್ಟ ಗಾಜಿಗೆ ಹಚ್ಚಿದ ಮೆಟೀರಿಯಲ್ಲನ್ನೇ ಇದಕ್ಕೂ ಹಚ್ಚಿ, ಎರಡನ್ನೂ ಒಂದೇ ಕೋನದಿಂದ ನೋಡಿ. ರೆಂಡರ್‌ನಲ್ಲಿ ದೋಷವಿದ್ದರೆ ಎರಡೂ ಒಂದೇ ಚಿತ್ರದಲ್ಲಿ ಬರುವಂತೆ ಚಿಕ್ಕ ರೆಂಡರ್ ಹಾಕಿ.

ಹೊಸ ತುಂಡು ಸರಿ ಕಂಡು ಹಳೆಯ ಗಾಜು ಕೆಟ್ಟೇ ಇದ್ದರೆ ದೋಷ ಆಕಾರದಲ್ಲಿ ಅಥವಾ ಅದಕ್ಕೆ ಬಣ್ಣ ಹಚ್ಚಿದ ರೀತಿಯಲ್ಲಿದೆ. ಎರಡೂ ಕೆಟ್ಟರೆ ದೋಷ ಮೆಟೀರಿಯಲ್ಲು, ಸ್ಟೈಲು ಅಥವಾ ರೆಂಡರ್ ಸೆಟ್ಟಿಂಗಿನಲ್ಲಿದೆ. ಹಾಗಿದ್ದರೆ ಇದೇ ತುಂಡನ್ನು ಕಾಪಿ ಮಾಡಿ ಒಂದು ಖಾಲಿ ಫೈಲಿಗೆ ಪೇಸ್ಟ್ ಮಾಡಿ. ಅಲ್ಲಿ ಸರಿಯಾದರೆ ಮೆಟೀರಿಯಲ್ಲಿನದು ತಪ್ಪಿಲ್ಲ, ಮೂಲ ಫೈಲಿನ ಸ್ಟೈಲಿನದು ಅಥವಾ ಬೆಳಕಿನದು. ಎರಡು ನಿಮಿಷದ ಈ ಕೆಲಸ ಮುಂದಿನ ಅರ್ಧ ಹುಡುಕಾಟವನ್ನು ಉಳಿಸುತ್ತದೆ.

ಒಂದು ಕಡೆ ಗಾಜು, ಇನ್ನೊಂದು ಕಡೆ ಹಲಗೆ

ಸ್ಕೆಚ್‌ಅಪ್‌ನ ಪ್ರತಿ ಫೇಸ್‌ಗೂ (ಸಮತಟ್ಟಾದ ಮೈಗೂ) ಎರಡು ಮಗ್ಗುಲು. ಮುಂದಿನದು ಬಿಳಿ, ಹಿಂದಿನದು ನೀಲಿ ಬೆರೆತ ಬೂದು. ಎರಡಕ್ಕೂ ಬೇರೆಬೇರೆ ಮೆಟೀರಿಯಲ್ ಇರಬಹುದು. ಎಂದೂ ಬಣ್ಣ ಕಾಣದ ಫೇಸ್‌ಗೆ ಪಾರದರ್ಶಕ ಮೆಟೀರಿಯಲ್ ಹಚ್ಚಿದರೆ ಸ್ಕೆಚ್‌ಅಪ್ ತಾನಾಗಿಯೇ ಹಿಂದಿನ ಮಗ್ಗುಲಿಗೂ ಅದನ್ನೇ ಹಚ್ಚುತ್ತದೆ. ಆದರೆ ಹಿಂದಿನ ಮಗ್ಗುಲಿಗೆ ಮೊದಲೇ ಬಿಳಿ ಪೇಂಟನ್ನೋ ಟೈಲ್ಸನ್ನೋ ಹಚ್ಚಿದ್ದರೆ ಅದು ಹಾಗೇ ಉಳಿಯುತ್ತದೆ. ಮೊದಲು ಇಟ್ಟಿಗೆ ಗೋಡೆ ಎಂದು ಎಬ್ಬಿಸಿ, ಟೈಲ್ಸ್ ಹಚ್ಚಿ, ಆಮೇಲೆ 'ಇದನ್ನೇ ಗಾಜು ಮಾಡೋಣ' ಎಂದು ಹೊರಟಾಗ ಇದು ಆಗೇ ಆಗುತ್ತದೆ.

ಹಿಡಿಯುವುದು ಹೀಗೆ. ಗ್ರೂಪಿನ ಒಳಗೆ ಹೋಗಿ, ವ್ಯೂ ಮೆನುವಿನ ಫೇಸ್ ಸ್ಟೈಲ್‌ನಲ್ಲಿ ಮಾನೋಕ್ರೋಮ್ ಆರಿಸಿ. ಬಣ್ಣಗಳೆಲ್ಲ ಹೋಗಿ ಬರಿ ಬಿಳಿ ಮತ್ತು ನೀಲಿಬೂದು ಉಳಿಯುತ್ತವೆ. ಗಾಜಿನ ಹೊರಗಿನಿಂದ ಸುತ್ತು ಹಾಕಿ ನೋಡಿದಾಗ ಎಲ್ಲೂ ನೀಲಿಬೂದು ಕಾಣಬಾರದು. ಕಂಡರೆ, ಸರಿಯಿರುವ ಒಂದು ಬಿಳಿ ಫೇಸ್ ಮೇಲೆ ರೈಟ್ ಕ್ಲಿಕ್ ಮಾಡಿ ಓರಿಯೆಂಟ್ ಫೇಸಸ್ ಒತ್ತಿ. ಒಂದಕ್ಕೊಂದು ಅಂಟಿರುವ ಫೇಸ್‌ಗಳೆಲ್ಲ ಅದಕ್ಕೆ ಸಮನಾಗಿ ತಿರುಗುತ್ತವೆ. ಬೂದು ಫೇಸ್ ಮೇಲೆ ಈ ಆಜ್ಞೆ ಕೊಟ್ಟರೆ ಎಲ್ಲವೂ ಒಳಗುಹೊರಗಾಗುತ್ತದೆ, ಹುಷಾರು. ಒಂದೇ ಫೇಸ್ ತಿರುಗಿದ್ದರೆ ರಿವರ್ಸ್ ಫೇಸಸ್ ಸಾಕು. ಆಮೇಲೆ ಆರು ಫೇಸ್‌ಗಳನ್ನೂ ಆರಿಸಿ ಮೊದಲು ಡೀಫಾಲ್ಟ್ ಮೆಟೀರಿಯಲ್ ಹಚ್ಚಿ, ಆರಿಸಿದ್ದರ ವಿವರ ತೋರಿಸುವ ಎಂಟಿಟಿ ಇನ್ಫೋದಲ್ಲಿ ಮುಂದಿನ, ಹಿಂದಿನ ಎರಡು ಬಣ್ಣದ ಚೌಕಗಳೂ ಡೀಫಾಲ್ಟ್ ಆಗಿವೆಯೇ ಎಂದು ನೋಡಿ, ಗ್ರೂಪಿನಿಂದ ಹೊರಬಂದು ಇಡೀ ಗ್ರೂಪಿಗೆ ಒಂದೇ ಸಲ ಗಾಜು ಹಚ್ಚಿ.

ಕೊನೆಯ ಹೆಜ್ಜೆಗೆ ಕಾರಣವಿದೆ. ಗ್ರೂಪಿಗೆ ಹೊರಗಿನಿಂದ ಹಚ್ಚಿದ ಬಣ್ಣ ಒಳಗೆ ಡೀಫಾಲ್ಟ್ ಆಗಿರುವ ಫೇಸ್‌ಗಳಿಗೆ ಮಾತ್ರ ಇಳಿಯುತ್ತದೆ. ಒಳಗೆ ಒಮ್ಮೆ ಬಣ್ಣ ಹಚ್ಚಿದ್ದರೆ ಹೊರಗಿನಿಂದ ಎಷ್ಟು ಸಲ ಗಾಜು ಹಚ್ಚಿದರೂ ಏನೂ ಆಗದು. 'ಬಕೆಟ್ ಒತ್ತಿದರೂ ಗಾಜು ಬದಲಾಗುತ್ತಿಲ್ಲ' ಎಂಬ ದೂರಿನ ಹಿಂದಿರುವುದು ಹೆಚ್ಚಾಗಿ ಇದೇ.

ಗಾಜಿನ ಬುಡದಲ್ಲಿ ಬಿಳಿ ಗೆರೆ, ನೆಲದಲ್ಲಿ ತೂತು

ಇದು ಗಾಜು ಕಟ್ಟುವ ಮೊದಲ ನಿಮಿಷದಲ್ಲೇ ಆಗುವ ತಪ್ಪು, ಗೊತ್ತಾಗುವುದು ಮಾತ್ರ ರೆಂಡರ್ ಹಾಕಿದಾಗ. ನೆಲದ ಫೇಸ್ ಗ್ರೂಪ್ ಆಗದೆ ಬಿಡಿಯಾಗಿರುತ್ತದೆ. ಅದರ ಮೇಲೇ 800 × 10ರ ಆಯತ ಎಳೆದು ಪುಶ್‌ಪುಲ್ (ಫೇಸನ್ನು ಎತ್ತಿ ದಪ್ಪ ಕೊಡುವ ಟೂಲ್) ನಿಂದ 2100 ಎತ್ತುತ್ತೀರಿ. ನೋಡಲು ಪೆಟ್ಟಿಗೆ ಪೂರ್ತಿಯಾಗಿದೆ. ಆದರೆ ನೆಲದಲ್ಲಿದ್ದ ಆ ಆಯತವೇ ಮೇಲಕ್ಕೆ ಹೋಗಿ ಗಾಜಿನ ತಲೆಯಾಗಿದೆ, ತಳಕ್ಕೆ ಫೇಸ್ ಉಳಿದಿಲ್ಲ. ಇದನ್ನು ಆರಿಸಿ ಗ್ರೂಪ್ ಮಾಡಿದರೆ ತಳವಿಲ್ಲದ ಪೆಟ್ಟಿಗೆ ಒಂದು ಕಡೆ, 10 ಮಿ.ಮೀ. ಸೀಳಿರುವ ನೆಲ ಇನ್ನೊಂದು ಕಡೆ. ಆ ಸೀಳಿನಿಂದ ಕೆಳಗಿನ ಆಕಾಶದ ಬೆಳಕು ಬಂದು ಗಾಜಿನ ಬುಡದಲ್ಲಿ ಬಿಳಿ ಗೆರೆಯಾಗಿ ಕಾಣುತ್ತದೆ.

ಗಾಜನ್ನು ಆರಿಸಿ ಎಂಟಿಟಿ ಇನ್ಫೋ ನೋಡಿ. ಸಾಲಿಡ್ ಗ್ರೂಪ್ ಅಥವಾ ಸಾಲಿಡ್ ಕಾಂಪೊನೆಂಟ್ ಎಂದು ಬರೆದು ವಾಲ್ಯೂಮ್ ತೋರಿಸುತ್ತಿದ್ದರೆ ಪೆಟ್ಟಿಗೆ ಮುಚ್ಚಿದೆ. ಬರಿ ಗ್ರೂಪ್ ಎಂದಿದ್ದರೆ ಎಲ್ಲೋ ತೆರೆದಿದೆ, ಇಲ್ಲವೇ ಒಳಗೆ ಹೆಚ್ಚುವರಿ ಗೆರೆಯೋ ಫೇಸೋ ಉಳಿದಿದೆ. ನಮ್ಮ ಫಿಕ್ಸ್ಡ್ ಗಾಜಿಗೆ ಬರಬೇಕಾದ ವಾಲ್ಯೂಮ್ 800 × 10 × 2100, ಅಂದರೆ 0.0168 ಘನ ಮೀಟರ್. ಈ ಸಂಖ್ಯೆಯಿಂದ ಇನ್ನೊಂದು ಲಾಭವೂ ಉಂಟು: ಗಾಜಿನ ಸಾಂದ್ರತೆ ಘನ ಮೀಟರಿಗೆ ಸುಮಾರು 2500 ಕೆ.ಜಿ., ಹಾಗಾಗಿ ಈ ಗಾಜು 42 ಕೆ.ಜಿ. ಬಾಗಿಲು ಸುಮಾರು 36 ಕೆ.ಜಿ. ಹಿಂಜ್ ಜೋಡಿ ಎಷ್ಟು ತೂಕ ತಡೆಯುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು.

ಸಾಲಿಡ್ ಅಲ್ಲದಿದ್ದರೆ ಗ್ರೂಪಿನೊಳಗೆ ಹೋಗಿ ತಳದ ಒಂದು ಅಂಚಿನ ಮೇಲೆ ಲೈನ್ ಟೂಲ್‌ನಿಂದ ಗೆರೆ ಎಳೆಯಿರಿ, ತಳದ ಫೇಸ್ ಹುಟ್ಟಿಕೊಳ್ಳುತ್ತದೆ. ನೆಲದ ಸೀಳನ್ನೂ ಹಾಗೆಯೇ ಮುಚ್ಚಿ, ಉಳಿದ ಗೆರೆಗಳನ್ನು ಅಳಿಸಿ. ತಳದ ಫೇಸ್ ಹುಟ್ಟದಿದ್ದರೆ ನಾಲ್ಕು ಮೂಲೆಗಳು ಒಂದೇ ಮಟ್ಟದಲ್ಲಿಲ್ಲ ಎಂದರ್ಥ. ಆಗ ಒದ್ದಾಡದೆ ಗಾಜನ್ನು ಅಳಿಸಿ ಹೊಸದಾಗಿ ಮಾಡುವುದೇ ಬೇಗ. ಮುಚ್ಚಿದ ಮೇಲೂ ಸಾಲಿಡ್ ಆಗದಿದ್ದರೆ ಎಕ್ಸ್-ರೇ ಹಾಕಿ ಗಾಜಿನ ಒಳಗೆ ನೋಡಿ. ಪುಶ್‌ಪುಲ್ ಮಾಡುವಾಗ ಕಂಟ್ರೋಲ್ ಕೀ ಒತ್ತಿದ್ದರೆ ಮಧ್ಯದಲ್ಲಿ ಒಂದು ಅಡ್ಡ ಫೇಸ್ ಉಳಿದಿರುತ್ತದೆ, ಅದನ್ನು ಅಳಿಸಿ.

ಮುಂದೆ ಈ ತಾಪತ್ರಯವೇ ಬೇಡ ಎಂದರೆ ನೆಲ, ಗೋಡೆ, ಟೈಲ್ಸ್ ಮೊದಲೇ ಬೇರೆಬೇರೆ ಗ್ರೂಪ್ ಆಗಿರಲಿ. ಗಾಜನ್ನು ಪಕ್ಕದಲ್ಲಿ ಖಾಲಿ ಜಾಗದಲ್ಲಿ ಮಾಡಿ, ಕಾಂಪೊನೆಂಟ್ (ಒಂದು ಕಾಪಿ ತಿದ್ದಿದರೆ ಉಳಿದ ಕಾಪಿಗಳೂ ಬದಲಾಗುವ ಗ್ರೂಪ್) ಮಾಡಿ, ಆಮೇಲೆ ಮೂವ್ ಟೂಲ್‌ನಿಂದ ಮೂಲೆ ಹಿಡಿದು ಜಾಗಕ್ಕೆ ತನ್ನಿ.

ಕ್ಯಾಮೆರಾ ತಿರುಗಿಸಿದಾಗ ಮಿಣುಕು

ಎರಡು ಫೇಸ್ ಒಂದೇ ಮಟ್ಟದಲ್ಲಿದ್ದರೆ ಯಾವುದನ್ನು ಮುಂದೆ ತೋರಿಸಬೇಕೆಂದು ಗ್ರಾಫಿಕ್ಸ್ ಕಾರ್ಡಿಗೆ ತಿಳಿಯದು. ಕ್ಯಾಮೆರಾ ಒಂದಿಷ್ಟು ಸರಿದರೂ ಒಮ್ಮೆ ಇದು, ಒಮ್ಮೆ ಅದು. ಶವರ್ ಗಾಜಿನಲ್ಲಿ ಇದು ಮೂರು ಕಡೆ ಆಗುತ್ತದೆ: ಗಾಜಿನ ತಳ ನೆಲದ ಟೈಲ್ಸಿಗೆ ತಾಗುವಲ್ಲಿ, ಗಾಜಿನ ಬದಿ ಗೋಡೆಯ ಟೈಲ್ಸಿಗೆ ತಾಗುವಲ್ಲಿ, ಗಾಜಿನ ಮೇಲೆ ಫ್ರಾಸ್ಟೆಡ್ ಸ್ಟಿಕ್ಕರ್ ಪಟ್ಟಿ ಅಂಟಿಸಿದಲ್ಲಿ. ಪರದೆಯ ಮೇಲೆ ಬರಿ ಕಿರಿಕಿರಿ, ವಿ-ರೇಯಲ್ಲಿ ಅದೇ ಕಪ್ಪು ಮಚ್ಚೆಗಳಾಗುತ್ತದೆ.

ಸೈಟಿನಲ್ಲಿ ಗಾಜು ಹೇಗೆ ನಿಲ್ಲುತ್ತದೋ ಮಾಡೆಲ್ಲಿನಲ್ಲೂ ಹಾಗೇ ನಿಲ್ಲಿಸುವುದೇ ಇದಕ್ಕೆ ಮದ್ದು. ಫಿಕ್ಸ್ಡ್ ಗಾಜು ನೆಲಕ್ಕೆ ನೇರ ತಾಗುವುದಿಲ್ಲ, ಅಲ್ಯುಮಿನಿಯಂ ಅಥವಾ ಸ್ಟೀಲಿನ ಯು ಚಾನೆಲ್ಲಿನೊಳಗೆ ಪ್ಯಾಕಿಂಗ್ ಮೇಲೆ ಕೂರುತ್ತದೆ. ಆದ್ದರಿಂದ ಚಾನೆಲ್ಲನ್ನು ಬೇರೆ ಗ್ರೂಪ್ ಆಗಿ ಮಾಡಿ, ಅದರ ಒಳಗಿನ ಸಂದು ಗಾಜಿಗಿಂತ ಎರಡೂ ಕಡೆ 1 ಮಿ.ಮೀ. ಅಗಲವಿರಲಿ, ಗಾಜಿನ ತಳ ಚಾನೆಲ್ಲಿನ ತಳಕ್ಕಿಂತ 3 ಮಿ.ಮೀ. ಮೇಲಿರಲಿ. ತಲೆಯ ಮಟ್ಟ 2100ರಲ್ಲೇ ಬೇಕಿದ್ದರೆ ಗಾಜಿನ ಎತ್ತರದಲ್ಲಿ ಅಷ್ಟನ್ನು ಕಳೆಯಿರಿ, ವಾಲ್ಯೂಮೂ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಗೋಡೆ ಕಡೆಯೂ ಹಾಗೆಯೇ. ಸಂದು ಚಾನೆಲ್ಲಿನೊಳಗೆ ಅಡಗಿರುವುದರಿಂದ ಕಾಣುವುದಿಲ್ಲ, ಯಾವ ಎರಡು ಫೇಸ್‌ಗಳೂ ಒಂದೇ ಮಟ್ಟಕ್ಕೆ ಬರುವುದಿಲ್ಲ. ಚಾನೆಲ್ ಇಲ್ಲದೆ ಬ್ರಾಕೆಟ್ ಮೇಲೆ ನಿಲ್ಲುವ ಗಾಜಾದರೆ 2–3 ಮಿ.ಮೀ. ಸಂದು ಬಿಟ್ಟು ಅಲ್ಲಿ ಸಿಲಿಕೋನಿನ ತೆಳು ಪಟ್ಟಿ ಹಾಕಿ. ಗಾಜನ್ನು ಟೈಲ್ಸಿನೊಳಕ್ಕೆ 5 ಮಿ.ಮೀ. ತೂರಿಸಿಬಿಡುವ ಅಡ್ಡದಾರಿಯಿಂದ ಮಿಣುಕು ನಿಲ್ಲುತ್ತದೆ ನಿಜ, ಆದರೆ ಆಮೇಲೆ ಮಾಡೆಲ್ಲಿನಿಂದ ಅಳತೆ ತೆಗೆದರೆ ಗಾಜು 5 ಮಿ.ಮೀ. ದೊಡ್ಡದಾಗಿ ಬರುತ್ತದೆ.

ಸ್ಟಿಕ್ಕರ್ ಪಟ್ಟಿಗೆ ಇನ್ನೊಂದು ಫೇಸ್ ಅಂಟಿಸಬೇಡಿ. ಗಾಜಿನ ಹೊರಮಗ್ಗುಲ ಫೇಸ್ ಮೇಲೇ 900 ಮತ್ತು 1500 ಮಿ.ಮೀ. ಎತ್ತರದಲ್ಲಿ ಎರಡು ಗೆರೆ ಎಳೆದು, ನಡುವಿನ ಭಾಗಕ್ಕೆ ಮಾತ್ರ ಫ್ರಾಸ್ಟೆಡ್ ಹಚ್ಚಿ. ಒಳಮಗ್ಗುಲನ್ನು ಮುಟ್ಟುವುದು ಬೇಡ.

ಇಡೀ ಮಾಡೆಲ್ಲೇ ನಡುಗಿದರೆ, ಗಾಜೊಂದೇ ಅಲ್ಲದೆ ನಲ್ಲಿ, ಜಾಲಿ ಎಲ್ಲವೂ ಕುಣಿದರೆ, ಕಾರಣ ಬೇರೆ. ಆಟೋಕ್ಯಾಡ್ ಫೈಲನ್ನು ಇಂಪೋರ್ಟ್ ಮಾಡಿದಾಗ ಅದು ಮೂಲಬಿಂದುವಿನಿಂದ ಕಿಲೋಮೀಟರುಗಟ್ಟಲೆ ದೂರ ಬಿದ್ದಿರುತ್ತದೆ, ಸರ್ವೆ ಆಧಾರದ ಡ್ರಾಯಿಂಗುಗಳಲ್ಲಿ ಇದು ಸಾಮಾನ್ಯ. ಎಲ್ಲವನ್ನೂ ಆರಿಸಿ, ಒಂದು ಮೂಲೆ ಹಿಡಿದು, ಕೆಂಪು–ಹಸಿರು–ನೀಲಿ ಅಕ್ಷಗಳು ಸೇರುವಲ್ಲಿಗೆ ತನ್ನಿ. ಎಲ್ಲೋ ಮೂಲೆಯಲ್ಲಿ ಬಿಟ್ಟುಹೋದ ಗೆರೆಯಿದ್ದರೂ ತೊಂದರೆಯೇ: ಜೂಮ್ ಎಕ್ಸ್‌ಟೆಂಟ್ಸ್ ಒತ್ತಿದಾಗ ಬಾತ್‌ರೂಮು ಚುಕ್ಕಿಯಷ್ಟು ಕಂಡರೆ ಅಂಥದ್ದಿದೆ ಎಂದು ತಿಳಿಯಿರಿ.

ಹಿಂಜ್, ಹಿಡಿ, ಅಂಚಿನ ದುಂಡು: ತೂತುಬಿದ್ದ ಫೇಸ್‌ಗಳು

ಸ್ಕೆಚ್‌ಅಪ್ ಒಂದು ಇಂಚಿನ ಸಾವಿರದಲ್ಲೊಂದು ಭಾಗಕ್ಕಿಂತ, ಅಂದರೆ ಸುಮಾರು 0.025 ಮಿ.ಮೀ.ಗಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಒಂದೇ ಎಂದು ಪರಿಗಣಿಸುತ್ತದೆ. ಬಳಕೆಯಲ್ಲಿ ಒಂದು ಮಿ.ಮೀ.ಗಿಂತ ಚಿಕ್ಕ ಎಡ್ಜ್‌ಗಳು ಬಂದಾಗಲೇ ಫೇಸ್ ಹುಟ್ಟದೆ ಹೋಗುವುದು ಶುರುವಾಗುತ್ತದೆ. ಗಾಜಿನ ಅಂಚಿಗೆ 1 ಮಿ.ಮೀ. ದುಂಡು ಕೊಡಲು ಹೊರಟರೆ, 19 ಮಿ.ಮೀ. ಪೈಪಿನ ಹಿಡಿಯನ್ನು ಫಾಲೋ ಮೀಯಿಂದ (ಒಂದು ಆಕಾರವನ್ನು ಗೆರೆಯ ದಾರಿಯುದ್ದಕ್ಕೂ ಎಳೆಯುವ ಟೂಲ್) ಬಗ್ಗಿಸಿದರೆ, ಹಿಂಜಿನ ಸ್ಕ್ರೂ ತಲೆ ಮಾಡಿದರೆ, ಅಲ್ಲಲ್ಲಿ ಚೂರು ಫೇಸ್‌ಗಳು ಮಾಯ.

ದೊಡ್ಡದು ಮಾಡಿ ಕೆಲಸ ಮುಗಿಸುವುದು ಇದರ ದಾರಿ. ಹಿಡಿಯನ್ನು ಕಾಂಪೊನೆಂಟ್ ಮಾಡಿ. ಅದರ ಒಂದು ಕಾಪಿ ಪಕ್ಕದಲ್ಲಿಟ್ಟು ಸ್ಕೇಲ್ ಟೂಲ್‌ನಿಂದ 1000 ಪಟ್ಟು ಹಿಗ್ಗಿಸಿ. ದೊಡ್ಡ ಕಾಪಿಯೊಳಗೆ ಹೋಗಿ ದುಂಡು, ಬಾಗು ಎಲ್ಲ ಮಾಡಿ ಮುಗಿಸಿ. ಅವೆರಡೂ ಒಂದೇ ಕಾಂಪೊನೆಂಟ್ ಆದ್ದರಿಂದ ಚಿಕ್ಕದೂ ತಾನಾಗಿ ಸರಿಯಾಗುತ್ತದೆ. ಆಮೇಲೆ ದೊಡ್ಡ ಕಾಪಿಯನ್ನು ಅಳಿಸುವುದು ಮರೆಯಬೇಡಿ. ಅಳಿಸದಿದ್ದರೆ ಮೇಲೆ ಹೇಳಿದ ನಡುಕದ ರೋಗ ಇಲ್ಲಿಂದಲೇ ಶುರು. ಫೇಸ್ ಹುಟ್ಟುವುದಕ್ಕೆ ಮಾತ್ರ ಈ ಮಿತಿ. ಒಮ್ಮೆ ಹುಟ್ಟಿದ ಚಿಕ್ಕ ಫೇಸ್‌ಗಳನ್ನು ಸ್ಕೆಚ್‌ಅಪ್ ಚಿಕ್ಕದಾಗಿಯೇ ಇಟ್ಟುಕೊಳ್ಳುತ್ತದೆ.

ಗಾಜಿನ ಅಂಚಿಗೆ ದುಂಡು ಬೇಕೇ ಬೇಕು ಎಂದೇನಿಲ್ಲ. ಇಡೀ ಬಾತ್‌ರೂಮಿನ ಚಿತ್ರದಲ್ಲಿ ಅದು ಒಂದು ಪಿಕ್ಸೆಲ್ ಕೂಡ ಆಗದು. ಹಿಂಜಿನ ಹತ್ತಿರದ ಕ್ಲೋಸ್‌ಅಪ್ ಬೇಕಿದ್ದರೆ ಮಾತ್ರ ಆ ಕಷ್ಟ ಪಡಿ.

ಅಳತೆ ಒಂದೆರಡು ಮಿ.ಮೀ. ತಪ್ಪುವುದು

ಅಳತೆಯ ಮುಂದೆ ಅಲೆಯಂಥ ಗುರುತು ಬಂದು '~ 690' ಎಂದು ಕಂಡರೆ ನಿಜವಾದ ಅಳತೆ 690 ಅಲ್ಲ, ಹತ್ತಿರದ ಯಾವುದೋ ಸಂಖ್ಯೆ. ವಿಂಡೋ ಮೆನುವಿನ ಮಾಡೆಲ್ ಇನ್ಫೋದಲ್ಲಿ ಯೂನಿಟ್ಸ್ ತೆರೆದು, ಮಿ.ಮೀ. ಆರಿಸಿ, ಪ್ರಿಸಿಷನ್ ಎರಡು ದಶಮಾಂಶಕ್ಕೆ ಏರಿಸಿ. 689.63 ಎಂಬಂಥದ್ದು ಹೊರಬೀಳುತ್ತದೆ. ಮೌಸ್‌ನಿಂದ ಅಂದಾಜಿನಲ್ಲಿ ಎಳೆದಾಗ, ಅಥವಾ ಇಂಚಿನಲ್ಲಿ ಶುರು ಮಾಡಿ ನಡುವೆ ಮಿ.ಮೀ.ಗೆ ಬದಲಿಸಿದಾಗ ಹೀಗಾಗುತ್ತದೆ. ಅದೇ ಪಟ್ಟಿಯಲ್ಲಿರುವ ಲೆಂತ್ ಸ್ನ್ಯಾಪಿಂಗ್ ತೆಗೆದುಬಿಡಿ. ಅದು ಎಳೆದ ಗೆರೆಯನ್ನು ನಿಗದಿತ ಹೆಜ್ಜೆಗೆ ಎಳೆದುಕೊಳ್ಳುತ್ತದೆ, ಮೂಲೆಗೆ ಅರ್ಧ ಮಿ.ಮೀ. ಮೊದಲೇ ಗೆರೆ ನಿಂತು ಫೇಸ್ ಮುಚ್ಚದೆ ಉಳಿಯುವುದಕ್ಕೆ ಇದೂ ಒಂದು ಕಾರಣ. ತಪ್ಪಿದ ಬಾಗಿಲನ್ನು ಸ್ಕೇಲ್ ಟೂಲ್‌ನಿಂದ 690ಕ್ಕೆ ತರುವುದು ಬೇಡ, ಹಿಂಜಿನ ತೂತುಗಳೂ ಮೊಟ್ಟೆಯಾಕಾರಕ್ಕೆ ಹಿಗ್ಗುತ್ತವೆ. ಗ್ರೂಪಿನೊಳಗೆ ಹೋಗಿ ಒಂದು ಬದಿಯ ಫೇಸನ್ನು ಪುಶ್‌ಪುಲ್ ಮಾಡಿ, ಬೇಕಾದ ವ್ಯತ್ಯಾಸವನ್ನು ಟೈಪ್ ಮಾಡಿ.

ಪರದೆಯ ಮೇಲೆ ಕಾಣುವ, ದೋಷವಲ್ಲದ ದೋಷಗಳು

ಗಾಜಿನ ನೆರಳು ಬೀಳುತ್ತಿಲ್ಲ, ಅಥವಾ ಗೋಡೆಯಂತೆ ದಟ್ಟ ನೆರಳು ಬೀಳುತ್ತಿದೆ: ಎರಡೂ ಸ್ಕೆಚ್‌ಅಪ್‌ನ ನಿಯಮ. ಓಪಾಸಿಟಿ (ಅಪಾರದರ್ಶಕತೆ) 70ಕ್ಕಿಂತ ಕಡಿಮೆಯಿದ್ದರೆ ನೆರಳೇ ಇಲ್ಲ, 70 ಮತ್ತು ಮೇಲಿದ್ದರೆ ಪೂರ್ತಿ ನೆರಳು, ನಡುವಿನ ತಿಳಿ ನೆರಳು ಎಂಬುದು ಇಲ್ಲ. ಪಾರದರ್ಶಕ ಫೇಸ್ ಮೇಲೆ ಬೇರೆಯದರ ನೆರಳೂ ಬೀಳದು. ಶವರ್ ಗಾಜಿಗೆ 20ರಿಂದ 30 ಇಟ್ಟು ಮುಂದೆ ಹೋಗಿ.

ಎಲ್ಲ ಗಾಜೂ ಒಮ್ಮೆಗೇ ಹಲಗೆಯಾದರೆ ಸ್ಟೈಲ್ಸ್ ಪಟ್ಟಿಯ ಎಡಿಟ್‌ನಲ್ಲಿ ಫೇಸ್ ಸೆಟ್ಟಿಂಗ್ಸ್ ನೋಡಿ, ಪಾರದರ್ಶಕತೆಯ ಟಿಕ್ ಹೋಗಿರುತ್ತದೆ. ಇಲ್ಲವೇ ಮಾನೋಕ್ರೋಮ್ ಹಾಕಿ ಹಾಗೇ ಬಿಟ್ಟಿರುತ್ತೀರಿ. ಬಾಗಿಲಿನ ಹಿಂದೆ ಫಿಕ್ಸ್ಡ್ ಗಾಜು, ಅದರ ಹಿಂದೆ ಕಿಟಕಿ ಗಾಜು ಬಂದಾಗ ಯಾವುದು ಮುಂದೆ ಎಂಬುದು ಅದಲುಬದಲಾಗಿ ಕಾಣುವುದುಂಟು. ಅಲ್ಲೇ ಇರುವ ಪಾರದರ್ಶಕತೆಯ ಗುಣಮಟ್ಟವನ್ನು ಫಾಸ್ಟರ್‌ನಿಂದ ನೈಸರ್‌ಗೆ ಬದಲಿಸಿದರೆ ಸುಧಾರಿಸುತ್ತದೆ, ಪೂರ್ತಿ ಹೋಗುವ ಭರವಸೆಯಿಲ್ಲ. ರೆಂಡರ್‌ಗೆ ಇದರಿಂದ ಏನೂ ಆಗದು.

ಗಾಜು ಕೆಲವು ಸೀನ್‌ಗಳಲ್ಲಿ ಮಾತ್ರ ಮಾಯವಾದರೆ ಟ್ಯಾಗ್ (ವಸ್ತುಗಳನ್ನು ಒಟ್ಟಿಗೆ ತೋರಿಸಲು, ಅಡಗಿಸಲು ಕೊಡುವ ಹೆಸರು) ನೋಡಿ. ಗಾಜಿಗೆಂದೇ ಒಂದು ಟ್ಯಾಗ್ ಮಾಡಿ, ಪ್ರತಿ ಸೀನಿನಲ್ಲೂ ಅದನ್ನು ಆನ್ ಮಾಡಿ ಸೀನನ್ನು ಅಪ್‌ಡೇಟ್ ಮಾಡಬೇಕು.

ಚಿಕ್ಕ ಬಾತ್‌ರೂಮಿನಲ್ಲಿ ಕ್ಯಾಮೆರಾ ಹಿಂದೆ ಸರಿಸಲು ಜಾಗವಿಲ್ಲದೆ ಗಾಜು ಅರ್ಧ ಕತ್ತರಿಸಿದಂತೆ ಕಾಣುವುದೂ ಇದೆ. ಡೀಫಾಲ್ಟ್ ಕೋನ 35 ಡಿಗ್ರಿ, ಇಂಥ ಕೋಣೆಗೆ ಸಾಲದು. ಜೂಮ್ ಟೂಲ್ ಹಿಡಿದು 55ರಿಂದ 60 ಡಿಗ್ರಿ ಕೊಡಿ. 70 ದಾಟಿದರೆ ಕಮೋಡು ದೋಣಿಯಷ್ಟು ಉದ್ದವಾಗುತ್ತದೆ. ಪ್ಯಾರಲಲ್ ಪ್ರೊಜೆಕ್ಷನ್ ಹಾಕಿದ್ದು ಮರೆತಿದ್ದರೂ ಹೀಗೇ ಕತ್ತರಿಸುತ್ತದೆ.

ವಿ-ರೇಯಲ್ಲಿ ಗಾಜು

ಇಲ್ಲಿಗೆ ಬರುವ ಮೊದಲು ಗಾಜು ಸಾಲಿಡ್ ಆಗಿರಬೇಕು, ಹೊರಗೆಲ್ಲ ಬಿಳಿ ಫೇಸ್ ಇರಬೇಕು. ಅವೆರಡು ಇಲ್ಲದೆ ಕೆಳಗಿನ ಯಾವ ಸೆಟ್ಟಿಂಗೂ ಕೆಲಸಕ್ಕೆ ಬಾರದು. ಬೆಳಕು ಗಾಜಿನೊಳಗೆ ಹೋಗಿದ್ದು ಯಾವ ಫೇಸಿನಿಂದ, ಹೊರಬಂದಿದ್ದು ಯಾವುದರಿಂದ ಎಂಬುದನ್ನು ವಿ-ರೇ ಫೇಸ್‌ಗಳ ದಿಕ್ಕಿನಿಂದಲೇ ತಿಳಿಯುತ್ತದೆ. ದಪ್ಪವೇ ಇಲ್ಲದ ಒಂಟಿ ಫೇಸಿಗೆ ರಿಫ್ರ್ಯಾಕ್ಷನ್ (ಬೆಳಕಿನ ಬಾಗು) ಇರುವ ಗಾಜು ಹಚ್ಚಿದರೆ ಒಳಹೋದ ಬೆಳಕಿಗೆ ಹೊರದಾರಿ ಸಿಗದು. ಅಲ್ಲಿಂದಾಚೆಯ ಶವರ್ ಜಾಗವನ್ನೆಲ್ಲ ಗಟ್ಟಿ ಗಾಜಿನ ಗಡ್ಡೆಯೆಂದು ಲೆಕ್ಕ ಹಾಕುತ್ತದೆ. ಹಿಂದಿನ ಟೈಲ್ಸ್ ಗೆರೆಗಳು ಬಾಗಿ, ಪಕ್ಕಕ್ಕೆ ಸರಿದು ಕಾಣುವುದು ಇದರ ಗುರುತು. 10 ಮಿ.ಮೀ. ದಪ್ಪದ ಸರಿಯಾದ ಗಾಜಿನ ಹಿಂದೆ ಗೆರೆಗಳು ನೇರವಾಗಿಯೇ ಇರುತ್ತವೆ, ಓರೆಯಿಂದ ನೋಡಿದಾಗ ಕೆಲವು ಮಿ.ಮೀ. ಜರುಗಿರುತ್ತವೆ ಅಷ್ಟೇ.

ಗಾಜು ಪ್ಲಾಸ್ಟಿಕ್ ಹಾಳೆಯಂತೆ, ಪ್ರತಿಬಿಂಬವಿಲ್ಲದೆ ಸಪ್ಪೆಯಾಗಿ ಕಂಡರೆ ಓಪಾಸಿಟಿ ನೋಡಿ. ಸ್ಕೆಚ್‌ಅಪ್‌ನ ಸ್ವಂತ ಪಾರದರ್ಶಕ ಮೆಟೀರಿಯಲ್ಲನ್ನು ಹಾಗೇ ರೆಂಡರ್ ಮಾಡಿದಾಗ ಅದರ ಪಾರದರ್ಶಕತೆ ಓಪಾಸಿಟಿಯಾಗಿ ಬರುತ್ತದೆ, ರಿಫ್ರ್ಯಾಕ್ಷನ್ ಆಗಿ ಅಲ್ಲ. ಓಪಾಸಿಟಿ ತಗ್ಗಿಸಿದರೆ ಗಾಜಿನ ಜೊತೆಗೆ ಅದರ ಮೇಲಿನ ಪ್ರತಿಬಿಂಬವೂ ತೆಳುವಾಗುತ್ತದೆ. ವಿ-ರೇ ಮೆಟೀರಿಯಲ್ಲಿನಲ್ಲಿ ಓಪಾಸಿಟಿ 1, ಡಿಫ್ಯೂಸ್ ಕಪ್ಪು, ರಿಫ್ಲೆಕ್ಷನ್ ಬಿಳಿ, ಫ್ರೆನೆಲ್ (ನೋಡುವ ಕೋನಕ್ಕೆ ತಕ್ಕಂತೆ ಪ್ರತಿಬಿಂಬ ಬದಲಾಗುವುದು) ಆನ್, ರಿಫ್ರ್ಯಾಕ್ಷನ್ ಬಿಳಿ, ಐ.ಒ.ಆರ್. (ಬೆಳಕು ಎಷ್ಟು ಬಾಗುತ್ತದೆ ಎಂಬ ಸಂಖ್ಯೆ) 1.5ರಿಂದ 1.52 ಇಡಿ. ಇಷ್ಟಿಟ್ಟರೂ ಗಾಜು ಇದೆಯೋ ಇಲ್ಲವೋ ಗೊತ್ತಾಗದಿದ್ದರೆ ಮೆಟೀರಿಯಲ್ಲನ್ನು ದೂರಬೇಡಿ. ನೇರವಾಗಿ ನೋಡಿದಾಗ ಗಾಜಿನ ಒಂದು ಮೈ ಪ್ರತಿಫಲಿಸುವುದೇ ನೂರಕ್ಕೆ 4ರಷ್ಟು ಬೆಳಕನ್ನು. ಪ್ರತಿಫಲಿಸಲು ಎದುರಿಗೆ ಬೆಳಗುವ ಕಿಟಕಿಯೋ ದೀಪವೋ ಇರಬೇಕು. ಕ್ಯಾಮೆರಾವನ್ನು ಚೆನ್ನಾಗಿ ಓರೆ ಮಾಡಿದರೂ ಗಾಜು ಎದ್ದು ಕಾಣುತ್ತದೆ.

ಗಾಜಿನ ಮೂಲಕ ನೋಡಿದಾಗ ಎಲ್ಲೋ ಒಂದು ಕಡೆ ಅಪ್ಪಟ ಕಪ್ಪು ಚೌಕ ಕಂಡರೆ ಮ್ಯಾಕ್ಸ್ ಡೆಪ್ತ್, ಅಂದರೆ ಕಿರಣ ಎಷ್ಟು ಮೈ ದಾಟಬಹುದೆಂಬ ಮಿತಿ, ಮುಗಿದಿದೆ. ಲೆಕ್ಕ ಹಾಕಿ: ತೆರೆದ ಬಾಗಿಲಿಗೆ ಎರಡು ಮೈ, ಅದರ ಹಿಂದಿನ ಫಿಕ್ಸ್ಡ್ ಗಾಜಿಗೆ ಎರಡು, ವೆಂಟಿಲೇಟರ್ ಗಾಜಿಗೆ ಎರಡು, ಒಟ್ಟು ಆರು. ಮಿತಿ 5 ಇದ್ದರೆ ಆರನೆಯದು ಕಪ್ಪು. ಗಾಜಿನ ರಿಫ್ರ್ಯಾಕ್ಷನ್ ಮತ್ತು ರಿಫ್ಲೆಕ್ಷನ್ ಎರಡರ ಡೆಪ್ತನ್ನೂ 10–12ಕ್ಕೆ ಏರಿಸಿ. ರೆಂಡರ್ ಸೆಟ್ಟಿಂಗಿನಲ್ಲಿ ಎಲ್ಲ ಮೆಟೀರಿಯಲ್ಲಿಗೂ ಒಟ್ಟಾಗಿ ಇನ್ನೊಂದು ಮಿತಿ ಹಾಕಿದ್ದರೆ ಅದನ್ನೂ ನೋಡಿ. ಕನ್ನಡಿಯೊಳಗೆ ಕಾಣುವ ಗಾಜು ಮಾತ್ರ ಕಪ್ಪಾದರೆ ಏರಿಸಬೇಕಾದದ್ದು ಕನ್ನಡಿಯ ರಿಫ್ಲೆಕ್ಷನ್ ಡೆಪ್ತ್.

ಒಂದು ಚೌಕವಲ್ಲ, ಇಡೀ ಶವರ್ ಜಾಗವೇ ಕತ್ತಲಾಗಿದ್ದರೆ ಅದು ಬೇರೆ ರೋಗ. ದೀಪಗಳೆಲ್ಲ ಗಾಜಿನ ಈಚೆಗಿವೆ, ಗಾಜು ಗೋಡೆಯಂತೆ ಬೆಳಕು ತಡೆಯುತ್ತಿದೆ. ರಿಫ್ರ್ಯಾಕ್ಷನ್ ಭಾಗದಲ್ಲಿ ಅಫೆಕ್ಟ್ ಶಾಡೋಸ್ ಟಿಕ್ ಇರಬೇಕು. ಟಿಕ್ ಇದ್ದೂ ಕತ್ತಲಿದ್ದರೆ ಗಾಜನ್ನು ಹೈಡ್ ಮಾಡಿ ಒಂದು ಚಿಕ್ಕ ರೆಂಡರ್ ಹಾಕಿ. ಆಗಲೂ ಕತ್ತಲೇ ಇದ್ದರೆ ತಪ್ಪು ಗಾಜಿನದಲ್ಲ, ಶವರ್ ಮೇಲೊಂದು ಡೌನ್‌ಲೈಟ್ ಬೇಕು. ಸೈಟಿನಲ್ಲೂ ಬೇಕಾಗುತ್ತದೆ.

ಅಂಚಿನ ಹಸಿರಿಗೆ ಫಾಗ್ ಕಲರ್ ಬಳಸಿ. ಮಾಮೂಲಿ ಗಾಜಿನಲ್ಲಿರುವ ಕಬ್ಬಿಣದ ಅಂಶದಿಂದ ಆ ಹಸಿರು, ಎಕ್ಸ್‌ಟ್ರಾ ಕ್ಲಿಯರ್ ಗಾಜಿನಲ್ಲಿ ಅದು ತುಂಬ ಕಡಿಮೆ. ಫಾಗ್ ಕೆಲಸ ಮಾಡುವುದು ಬೆಳಕು ಗಾಜಿನೊಳಗೆ ಸಾಗಿದ ದೂರದ ಮೇಲೆ. ಎದುರಿನಿಂದ ನೋಡಿದಾಗ 10 ಮಿ.ಮೀ., ಅಂಚಿನಿಂದ ನೋಡಿದಾಗ ನೂರಾರು ಮಿ.ಮೀ. ಹಾಗಾಗಿ ತೀರ ತಿಳಿ ಹಸಿರು ಕೊಟ್ಟರೂ ಅಂಚು ತಾನಾಗಿ ಗಾಢವಾಗುತ್ತದೆ. ಇಡೀ ಗಾಜೇ ಸೀಸೆಯ ಹಸಿರಾದರೆ ಬಣ್ಣವನ್ನು ಬಿಳಿಯ ಹತ್ತಿರಕ್ಕೆ ತನ್ನಿ. ಒಂದು ಗಾಜು ಮಾತ್ರ ಹಾಗಾದರೆ ಅದರ ದಪ್ಪ ಅಳೆಯಿರಿ: 10ರ ಬದಲು 100 ಆಗಿರುವುದು, ಇಂಚಿನ ಫೈಲಿನಿಂದ ಬಂದದ್ದು ಹಿಗ್ಗಿರುವುದು ಹೊಸದೇನಲ್ಲ. ಅಂಚಿನ ನಾಲ್ಕು ಫೇಸ್‌ಗಳಿಗೆ ಬೇರೆ ಹಸಿರು ಬಣ್ಣ ಬಳಿಯುವ ರೂಢಿ ಪರದೆಯ ಚಿತ್ರಕ್ಕೆ ಸಾಕು. ವಿ-ರೇಗೆ ಹೋಗುವ ಗಾಜಿಗೆ ಬೇಡ, ಫ್ರಾಸ್ಟೆಡ್ ಪಟ್ಟಿಯೊಂದನ್ನು ಬಿಟ್ಟರೆ ಒಂದೇ ಗಾಜಿಗೆ ಒಂದೇ ಮೆಟೀರಿಯಲ್ ಇರಲಿ.

ಫ್ರಾಸ್ಟೆಡ್ ಗಾಜಿಗೆ ರಿಫ್ರ್ಯಾಕ್ಷನ್ ಗ್ಲಾಸಿನೆಸ್ 0.7ರಿಂದ 0.85. ಮರಳು ಎರಚಿದಂತೆ ಕಾಳುಕಾಳಾದರೆ ಇನ್ನೂ ಹೊತ್ತು ರೆಂಡರ್ ಆಗಲು ಬಿಡಿ, ಜೊತೆಗೆ ಡೀನಾಯ್ಸರ್ ಹಾಕಿ. ಡೀನಾಯ್ಸರನ್ನೇ ನಂಬಿ ಬೇಗ ನಿಲ್ಲಿಸಿದರೆ ಹಿಂದಿನ ಟೈಲ್ಸ್ ಗೆರೆಗಳು ಬಳಿದುಹೋಗುತ್ತವೆ.

ಚಿತ್ರ ಸರಿ ಬಂದ ಮೇಲೆ ಬಾಗಿಲು ತಿರುಗಿಸಿ ನೋಡಿ

ಬಾಗಿಲನ್ನು ಕಾಂಪೊನೆಂಟ್ ಮಾಡುವಾಗ ಅದರ ಅಕ್ಷವನ್ನು ಗಾಜಿನ ಮೂಲೆಗಲ್ಲ, ಹಿಂಜಿನ ತಿರುಗು ಬಿಂದುವಿಗೆ ಇಡಿ. ಮೂಲೆಯಲ್ಲಿಟ್ಟು ತಿರುಗಿಸಿದರೆ ಗಾಜು ಗೋಡೆಯ ಟೈಲ್ಸಿನೊಳಕ್ಕೆ ಹೋಗುತ್ತದೆ, ಸಂದೇ ಸಾಲದು ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ. 90 ಡಿಗ್ರಿ ತೆರೆದು ಕಮೋಡಿಗೆ, ಬೇಸಿನ್‌ಗೆ, ಟವೆಲ್ ರಾಡಿಗೆ ತಾಗುತ್ತದೆಯೇ ನೋಡಿ. 690ರ ಬಾಗಿಲು ಹೊರಕ್ಕೆ ತೆರೆದರೆ ಉಳಿದ 1500ರಲ್ಲಿ ಹತ್ತಿರ ಹತ್ತಿರ ಅರ್ಧವನ್ನು ಅದೇ ನುಂಗುತ್ತದೆ. ನೆಲದ ಇಳಿಜಾರನ್ನೂ ಮಾಡೆಲ್ಲಿನಲ್ಲಿ ಕೊಟ್ಟಿದ್ದರೆ ಬಾಗಿಲಿನ ಕೆಳಗಿನ 10 ಮಿ.ಮೀ. ಸಂದು ಇಳಿಜಾರಿನ ಎತ್ತರದ ಕಡೆ ತಾಗುವುದು ಇಲ್ಲೇ ಗೊತ್ತಾಗುತ್ತದೆ.

ಹಿಂಜಿನ ಕಚ್ಚು, ಹಿಡಿಯ ತೂತು ಇವೆಲ್ಲ ಮಾಡೆಲ್ಲಿನಲ್ಲೇ ಜಾಗದಲ್ಲಿರಲಿ. ಟಫನ್ ಮಾಡಿದ ಗಾಜನ್ನು ಆಮೇಲೆ ಕೊಯ್ಯಲೂ ಆಗದು, ಕೊರೆಯಲೂ ಆಗದು, ಪ್ರಯತ್ನಿಸಿದರೆ ಪುಡಿಪುಡಿ. ಆದರೆ ಮಾಡೆಲ್ಲಿನ 1500ನ್ನು ನೇರವಾಗಿ ಗಾಜಿನ ಅಂಗಡಿಗೆ ಕಳಿಸಬೇಡಿ. ಟೈಲ್ಸ್ ಕೂತ ಮೇಲೆ ಬುಡದಲ್ಲಿ, ನಡುವೆ, 2100ರ ಎತ್ತರದಲ್ಲಿ ಮೂರು ಕಡೆ ಅಗಲ ಅಳೆದು, ಗೋಡೆ ಲಂಬವಾಗಿದೆಯೇ ಎಂದು ತೂಕದ ಗುಂಡಿನಿಂದ ನೋಡಿ. ಮೂರರಲ್ಲಿ ಚಿಕ್ಕದನ್ನು ಮಾಡೆಲ್ಲಿಗೆ ಹಾಕಿ, ಫಿಕ್ಸ್ಡ್ ಗಾಜಿನ 800ರಲ್ಲಿ ವ್ಯತ್ಯಾಸ ಕಳೆಯಿರಿ. ಬಾಗಿಲಿನ 690ನ್ನು ಹಾಗೇ ಬಿಡಿ.